ಮಂಟಪ ಮುಳುಗಿತೇ ಎಂದು ಕೇಳಿದ ಗೆಳೆಯನಿಗೆ

ತೀರ್ಥಹಳ್ಳಿ,
ಶ್ರಾವಣ ಮಾಸ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕ್ಷೇಮ ಸಮಾಚಾರಕ್ಕೂ ಮೊದಲು ನೀನು ನಮ್ಮೂರ ತುಂಗಾ ಹೊಳೆಯೊಳಗಿನ ಮಂಟಪದ ಬಗ್ಗೆ ಕೇಳಿದ ಮಾತು, "ರಾಮ ಮಂಟಪ ಮುಳುಗಿತೇನೋ?" ಎಂಬುದು. ಮುಳುಗಿದೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಊರು ಬಿಟ್ಟು ಇಷ್ಟು ವರ್ಷಗಳಾದ ಮೇಲೂ ಮಳೆಗಾಲದಲ್ಲಿ ನಿನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ ಇದೇ ಆಗಿರುವಾಗ, ಒಂದು ಪದದ ಉತ್ತರ ಕೊಟ್ಟದ್ದು ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದಕ್ಕಾಗಿ ಈ ಪತ್ರ.

ಪುಷ್ಯ ಮಳೆ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ ಕಮಾನು ಸೇತುವೆಯ ಮೇಲೆ ನಿಂತು ನೋಡಿದಾಗ ಹೊಳೆ ಕೆಂಪಾಗಿ, ಮರದ ದಿಮ್ಮಿಗಳನ್ನೂ ಬಿದಿರಿನ ಹಿಂಡಲುಗಳನ್ನೂ ಹೊತ್ತುಕೊಂಡು ಬರುತ್ತಿತ್ತು. ಬೇಸಿಗೆಯಲ್ಲಿ ನಾವು ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದ ಬಂಡೆಗಳ ಗುರುತೂ ಇರಲಿಲ್ಲ. ಮಂಟಪದ ಕಂಬಗಳು ಮಧ್ಯಾಹ್ನದವರೆಗೆ ಕಾಣುತ್ತಿದ್ದವು. ಸಂಜೆಯ ಹೊತ್ತಿಗೆ ಆ ಜಾಗದಲ್ಲಿ ನೀರು ಸುಳಿ ತಿರುಗುತ್ತಿತ್ತು, ಅಷ್ಟೆ. ಸೇತುವೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಜನರಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಕೆಲವರು ಕೈಮುಗಿದು ಹೊರಟರು.

ಪತ್ರಿಕೆಗಳಿಗೆ ಆ ಮುಳುಗುವ ಗಳಿಗೆಯ ಚಿತ್ರ ಬೇಕು. ನಮಗೆ ಮಂಟಪ ಬೇಕಾಗುವುದು ಅಳತೆಗಾಗಿ. ಅದು ಅರ್ಧ ಮುಳುಗಿದೆ ಎಂದರೆ ಹೊಳೆಯಂಚಿನ ತೋಟದವರು ಪಂಪ್‌ಸೆಟ್ಟನ್ನು ಮೇಲಕ್ಕೆ ಎಳೆದು ಕಟ್ಟುತ್ತಾರೆ. ಪೂರ್ತಿ ಮುಳುಗಿದೆ ಎಂದರೆ ದನಗಳನ್ನು ಆ ಕಡೆಗೆ ಬಿಡುವುದಿಲ್ಲ. ಮಳೆ ಹೀಗೆ ಬಿಡದೆ ಹೊಯ್ದರೆ ಅಡಿಕೆಗೆ ಕೊಳೆ ರೋಗ ಬರುವುದೂ ನಿಶ್ಚಯ. ಈ ಸಲ ಒಂದು ಬಾರಿ ಮಾತ್ರ ಅದರ ಔಷಧಿಯಾದ ಬೋರ್ಡೋ ದ್ರಾವಣ ಹೊಡೆಸಲು ಬಿಡುವು ಸಿಕ್ಕಿತು. ಎರಡನೆಯದಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ತಂದಿಟ್ಟು, ಎರಡು ದಿನದ ಹೊಳವಿಗಾಗಿ ಕಾಯುತ್ತಿದ್ದೇನೆ. ಮಳೆ ತಾಗದಂತೆ ಕೊಟ್ಟೆ ಕಟ್ಟಿದ ಗೊನೆಗಳು ಮಾತ್ರ ಚೆನ್ನಾಗಿವೆ.

ಒಂದು ವಿಷಯವನ್ನು ನಾನು ಊರಿನಲ್ಲಿಯೇ ಉಳಿದಿದ್ದರಿಂದ ನಿಧಾನವಾಗಿ ಗಮನಿಸಿದ್ದೇನೆ. ತುಂಗೆಯ ದಂಡೆಯ ಪ್ರತಿ ಊರಿಗೂ ನೀರಿನ ಅಳತೆಗೆ ತನ್ನದೇ ಒಂದು ಕಲ್ಲಿದೆ. ಶೃಂಗೇರಿಯವರು ಕಪ್ಪೆ ಶಂಕರನ ಗುಡಿಯನ್ನು ನೋಡುತ್ತಾರೆ. ಪ್ರಸವದ ಸಂಕಟದಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ನೀಡಿದ ಕಥೆಯ ನೆನಪಿಗೆ ನಿಂತಿರುವ ಆ ಪುಟ್ಟ ಗುಡಿ ಮುಳುಗಿತೆಂಬ ಸುದ್ದಿ ಬಂದರೆ ನಮ್ಮೂರಿನವರು ಎಚ್ಚರಗೊಳ್ಳುತ್ತಾರೆ. ನಮ್ಮ ರಾಮ ಮಂಟಪ ಮುಳುಗಿದ ಸುದ್ದಿಗೆ ಕೆಳಗಿನ ಶಿವಮೊಗ್ಗದವರು ಕಿವಿಗೊಡುತ್ತಾರೆ. ಅಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವೇ ಅವರ ಅಳತೆಗಲ್ಲು. ನಡುವೆ ಗಾಜನೂರಿನಲ್ಲಿ 22 ಗೇಟುಗಳ ತುಂಗಾ ಅಣೆಕಟ್ಟೆ ಇದೆ ನಿಜ, ಆದರೆ ಅದು ಹಿಡಿದಿಡುವುದು 3.24 ಟಿಎಂಸಿ ನೀರನ್ನು ಮಾತ್ರ. ಮಳೆಗಾಲದ ಆರಂಭದಲ್ಲೇ 588.24 ಮೀಟರಿನ ಗರಿಷ್ಠ ಮಟ್ಟಕ್ಕೆ ತುಂಬಿಬಿಡುವುದರಿಂದ, ಆಮೇಲೆ ಮೇಲಿನಿಂದ ಬಂದದ್ದನ್ನೆಲ್ಲ ಕೆಳಕ್ಕೆ ಬಿಡಲೇಬೇಕು. 2019ರ ಆಗಸ್ಟಿನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದಾಗ, ಅದಕ್ಕೂ ಮೊದಲು ಅದೇ ನೀರು ನಮ್ಮ ಕಣ್ಣೆದುರಿನಿಂದ ಹಾದುಹೋಗಿತ್ತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಗಂಗಾಮೂಲದಿಂದ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವವರೆಗೆ 147 ಕಿಲೋಮೀಟರ್ ಹರಿಯುವ ಈ ಹೊಳೆಯ ದಂಡೆಯಲ್ಲಿ, ಮೇಲಿನವರ ಸುದ್ದಿ ಕೆಳಗಿನವರಿಗೆ ಎಚ್ಚರಿಕೆಯಾಗಿ ತಲುಪುವ ಈ ಕ್ರಮವನ್ನು ಯಾರೂ ಕೂತು ರೂಪಿಸಿದ್ದಲ್ಲ.

ಕಳೆದ ವಾರ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆಯಲ್ಲಿ ಇಳಿದು ಅರ್ಧ ಗಂಟೆ ನಿಂತಿದ್ದೆ. ನಡುಗಡ್ಡೆ ಪೂರ್ತಿ ನೀರಿನಡಿಗೆ ಹೋಗಿ ಮರಗಳು ಮಾತ್ರ ಹೊಳೆಯ ನಡುವೆ ನಿಂತಿದ್ದವು. ಆ ಮರಗಳ ತುಂಬ ಬೆಳ್ಳಕ್ಕಿಗಳು, ನೀರುಕಾಗೆಗಳು, ಉದ್ದ ಕೊರಳಿನ ಹಾವಕ್ಕಿಗಳು. ಕೆಳಗಿನ ಕೊಂಬೆಯೊಂದರ ಗೂಡಿಗೂ ನೀರಿಗೂ ಒಂದು ಮೊಳದ ಅಂತರವಿದ್ದಿರಬಹುದು. ತಾಯಿಹಕ್ಕಿ ಕದಲದೆ ಕೂತಿತ್ತು. ಇಂಥ ನೆರೆಯ ಕಾಲವನ್ನೇ ಮರಿ ಮಾಡಲು ಆರಿಸಿಕೊಳ್ಳುವ ಆ ಜೀವಗಳ ಧೈರ್ಯವನ್ನು ನೋಡುತ್ತ ನನಗೆ ಬಸ್ಸು ತಪ್ಪಿತು. ಅದರಿಂದ ಬೇಸರವೇನೂ ಆಗಲಿಲ್ಲ.

ನಿನ್ನಲ್ಲಿ ಮುಚ್ಚಿಡಬಾರದ ಮಾತೂ ಒಂದಿದೆ. ಮಳೆಗಾಲದ ಹೊಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ, ಆದರೆ ಬೇಸಿಗೆಯ ಹೊಳೆಯನ್ನು ನೀನು ನೋಡಿದರೆ ನೊಂದುಕೊಳ್ಳುವೆ. ಪರಶುರಾಮನ ಕೊಡಲಿಯ ರಕ್ತದ ಕಲೆ ತೊಳೆದುಹೋಯಿತೆಂದು ನಂಬುವ ತೀರ್ಥದಲ್ಲಿಯೇ, ಮಿಂದವರು ಬಿಟ್ಟುಹೋದ ಬಟ್ಟೆಗಳು ಬಂಡೆಗಳ ಸಂದಿಯಲ್ಲಿ ಕೊಳೆಯುತ್ತವೆ, ಶಾಂಪೂ ಪೊಟ್ಟಣಗಳು ತೇಲುತ್ತವೆ. "ತುಂಗಾ ಪಾನ, ಗಂಗಾ ಸ್ನಾನ" ಎಂಬ ಗಾದೆಯನ್ನು ಹೇಳುತ್ತಲೇ ನಾವು ಇದನ್ನು ಸಹಿಸಿಕೊಂಡಿದ್ದೇವೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ನಮ್ಮ ಕಡೆ ಬಂದಾಗ ನಾನೂ ಸ್ವಲ್ಪ ದೂರ ನಡೆದೆ. ಅಂದಿನಿಂದ ನಮ್ಮ ಕೇರಿಯ ನಾಲ್ಕೈದು ಮಂದಿ ಬೇಸಿಗೆಯ ಭಾನುವಾರಗಳಲ್ಲಿ ಬಂಡೆಗಳ ಸಂದಿಯ ಬಟ್ಟೆಗಳನ್ನು ಎಳೆದು ತೆಗೆಯುತ್ತಿದ್ದೇವೆ. ಚಿಬ್ಬಲಗುಡ್ಡೆಯಲ್ಲಿ ಮಾತ್ರ ದೇವರ ಮೀನುಗಳೆಂಬ ಭಯಭಕ್ತಿಯಿಂದ ಜನ ಇನ್ನೂ ಎಚ್ಚರವಾಗಿದ್ದಾರೆ. ಮಂಡಕ್ಕಿ ಎಸೆದ ಕೂಡಲೇ ನೀರು ಕುದಿದಂತೆ ಎದ್ದುಬರುವ ಆ ಮೀನುಗಳನ್ನು ಕಂಡು ನೀನು ಹೆದರಿ ನನ್ನ ಕೈ ಹಿಡಿದುಕೊಂಡದ್ದು ನೆನಪಿದೆಯೇ?

ಈ ಸಲ ಎಳ್ಳಮಾವಾಸ್ಯೆಗೆ ತಪ್ಪದೆ ಬಾ. ಮೊದಲ ದಿನದ ತೀರ್ಥಸ್ನಾನ ಮುಗಿಸಿ, ಎರಡನೆಯ ದಿನ ರಾಮೇಶ್ವರನ ತೇರು ನೋಡಿ ಹೊರಟುಬಿಡಬೇಡ. ಮೂರನೆಯ ದಿನದ ತೆಪ್ಪೋತ್ಸವದವರೆಗೆ ಉಳಿದುಕೊಳ್ಳಬೇಕು. ಅಷ್ಟು ಹೊತ್ತಿಗೆ ನೀರು ತಿಳಿಯಾಗಿ ಮಂಟಪ ಎದ್ದುಬಂದಿರುತ್ತದೆ, ನಾವು ಕೂರುತ್ತಿದ್ದ ಬಂಡೆಯೂ.

ಅಮ್ಮನಿಗೆ ಈಗ ಹೊಳೆಯವರೆಗೆ ನಡೆಯಲಾಗುವುದಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಸೇತುವೆಗೆ ಕಳಿಸಿ, ಬಂದ ಮೇಲೆ ಎಷ್ಟು ಕಂಬ ಕಂಡಿತೆಂದು ಕೇಳುತ್ತಾಳೆ. ರಾತ್ರಿ ಮಳೆ ಸ್ವಲ್ಪ ಕಡಿಮೆಯಾಗಿತ್ತು. ಪತ್ರವನ್ನು ಇಲ್ಲಿಗೆ ನಿಲ್ಲಿಸಿ ಹೋಗಿಬರುತ್ತೇನೆ. ಅವಳು ಜಗಲಿಯಲ್ಲಿ ಕಾಯುತ್ತಿದ್ದಾಳೆ.

ಇಂತಿ,
ನಿನ್ನ ಗೆಳೆಯ