ಕೆರೆ ಪಕ್ಕದಲ್ಲೇ ನೀರಿಲ್ಲದೆ ನಿಲ್ಲುವ ಫೈರ್ ಎಂಜಿನ್: ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಅಗ್ನಿಶಾಮಕ ಸೇವೆಯ ಮಾನದಂಡ ತಮಗೆ ಗೊತ್ತೇ ಇದೆ. ಗ್ರಾಮಾಂತರದಲ್ಲಿ 50 ಚದರ ಕಿಲೋಮೀಟರಿಗೊಂದು ಠಾಣೆ ಇರಬೇಕು, ಕರೆ ಬಂದ 20 ನಿಮಿಷದೊಳಗೆ ಗಾಡಿ ಸ್ಥಳದಲ್ಲಿರಬೇಕು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಭಾಗಾಕಾರ ಮಾಡಿದರೆ ಎಂಬತ್ತು ಠಾಣೆ ದಾಟುತ್ತದೆ. ಗಾಬರಿ ಬೇಡ, ಎಂಬತ್ತನ್ನು ಯಾರೂ ಕೇಳುತ್ತಿಲ್ಲ. ಕಾಡು ಕಳೆದು ಉಳಿದದ್ದರಲ್ಲಿ ಅರ್ಧವನ್ನೂ ಕೇಳುತ್ತಿಲ್ಲ. ಹೋಬಳಿಗೊಂದು ಸಣ್ಣ ಗಾಡಿ ಮತ್ತು ಕೆರೆಯಿಂದ ನೀರೆತ್ತುವ ಏರ್ಪಾಡು, ಇಷ್ಟೇ ನಮ್ಮ ಬೇಡಿಕೆ. ವರ್ಷಗಳಿಂದ ಮನವಿ ಕೊಡುತ್ತಿದ್ದೇವೆ. ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ. ಪರಿಶೀಲನೆ ಎಲ್ಲಿಗೆ ಬಂತೆಂದು ಕೇಳಿದರೆ ಅದಕ್ಕೂ ಒಂದು ಹಿಂಬರಹ.

ಕಳೆದ ಬೇಸಿಗೆಯಲ್ಲಿ ನಮ್ಮ ಹೋಬಳಿಯ ತೋಟವೊಂದರ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ಬೆಂಕಿ ಬಿತ್ತು. ಫೈರ್ ಎಂಜಿನ್ ತಿರುವುಗಳಲ್ಲಿ ಸಿಕ್ಕಿಕೊಂಡು ತಡವಾಗಿಯಾದರೂ ಬಂತು. ದೊಡ್ಡ ಗಾಡಿಯ ಟ್ಯಾಂಕಿನಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. 16 ಮಿಲಿಮೀಟರ್ ನಾಝಲ್‌ನಲ್ಲಿ 7 ಬಾರ್ ಒತ್ತಡಕ್ಕೆ ನಿಮಿಷಕ್ಕೆ 450 ಲೀಟರಿನಷ್ಟು ಹೋಗುತ್ತದೆ. ಎರಡು ಪೈಪ್ ಬಿಟ್ಟರೆ ಐದೇ ನಿಮಿಷ. ಆ ಐದು ನಿಮಿಷ ಮುಗಿದಾಗ ಮೊದಲ ಮನೆಯ ಮಾಡು ಬಿದ್ದಿತ್ತು, ಮೂರನೆಯದಕ್ಕೆ ಬೆಂಕಿ ತಾಗುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಕೆರೆ ಇತ್ತು, ಕಾಫಿ ಹೂ ಅರಳಲು ಸ್ಪ್ರಿಂಕ್ಲರಿನಲ್ಲಿ ಹೂಮಳೆ ಕೊಡಲೆಂದು ಕಾಯ್ದಿಟ್ಟ ನೀರು ಅದರಲ್ಲಿತ್ತು. ಸಿಬ್ಬಂದಿ ನೀರೆಳೆಯುವ ಸಕ್ಷನ್ ಪೈಪ್ ಇಳಿಸಿದರು. ಎಂಜಿನ್ ಎಷ್ಟು ಏರಿಸಿದರೂ ನಿರ್ವಾತ ತೋರಿಸುವ ವ್ಯಾಕ್ಯೂಮ್ ಗೇಜಿನ ಮುಳ್ಳು ಮೇಲೇಳಲಿಲ್ಲ. ಕಪ್ಲಿಂಗ್ ಬಿಚ್ಚಿ ನೋಡಿದರೆ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿತ್ತು, ಒಂದು ಜೋಡಣೆಯಲ್ಲಿ ವಾಷರೇ ಇರಲಿಲ್ಲ. ಅಲ್ಲಿಂದ ಗಾಳಿ ಎಳೆದರೆ ನೀರು ಏರುವುದಾದರೂ ಹೇಗೆ? ಕೆರೆ ಏರಿಯ ಮೇಲೆ ತೋಟದ ಡೀಸೆಲ್ ಪಂಪ್ ಕೀಲಿ ತಿರುಗಿಸಿದರೆ ಓಡುವ ಸ್ಥಿತಿಯಲ್ಲಿತ್ತು. ಆದರೆ ಸ್ಪ್ರಿಂಕ್ಲರಿನ ಮೂರು ಇಂಚಿನ ಅಲ್ಯೂಮಿನಿಯಂ ಪೈಪಿನ ಕ್ಲಾಂಪಿಗೂ ಅಗ್ನಿಶಾಮಕದ 63 ಮಿಲಿಮೀಟರ್ ಕಪ್ಲಿಂಗಿಗೂ ತಾಳೆಯಾಗುವುದಿಲ್ಲ. ನಡುವೆ ಒಂದು ಅಡಾಪ್ಟರ್ ಬೇಕಿತ್ತು. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಮಾಡಿಕೊಡುವ ಸಾಮಾನು. ಅದಿಲ್ಲದ್ದಕ್ಕೆ ಗಾಡಿ ನೀರು ತರಲು ವಾಪಸ್ ಹೋಯಿತು, ಕೂಲಿಯವರು ಬಕೆಟ್ ಹಿಡಿದರು. ಸಾಲಿಗೆ ಸಾಲೇ ಹೋಯಿತು. ರೇಷನ್ ಕಾರ್ಡು, ಆಧಾರ್, ಮಕ್ಕಳ ಪುಸ್ತಕ ಎಲ್ಲ. ಮರುದಿನ ಸಾಂತ್ವನ ಹೇಳಲು ಬಂದ ಸರ್ಕಾರಿ ಕಾರುಗಳು ಮಾತ್ರ ಯಾವ ತಿರುವಿನಲ್ಲೂ ಸಿಕ್ಕಿಕೊಳ್ಳಲಿಲ್ಲ.

ಇದು ಸಿಬ್ಬಂದಿಯ ಮೇಲಿನ ದೂರಲ್ಲ. ಬದಲಿ ವಾಷರ್ ಕೇಳಿದರೆ ಇಂಡೆಂಟ್ (ಬೇಡಿಕೆ ಪತ್ರ) ಎಷ್ಟು ಮೇಜು ಹತ್ತಿ ಇಳಿಯಬೇಕೆಂದು ನಮಗಿಂತ ಚೆನ್ನಾಗಿ ತಮಗೆ ಗೊತ್ತು. ಪರೀಕ್ಷೆ ಕಷ್ಟದ್ದಲ್ಲ: ಸಕ್ಷನ್ ಪೈಪ್ ಪೂರ್ತಿ ಜೋಡಿಸಿ, ತುದಿಗೆ ಮುಚ್ಚಳ ಹಾಕಿ, ನೀರು ಹೊರಹೋಗುವ ಡೆಲಿವರಿ ವಾಲ್ವ್ ಮುಚ್ಚಿ, ಒಳಗಿನ ಗಾಳಿ ಎಳೆದು ತೆಗೆಯುವ ಪ್ರೈಮರ್ ಓಡಿಸಬೇಕು. ಮಡಿಕೇರಿಯ ಎತ್ತರದಲ್ಲಿ ಮುಕ್ಕಾಲು ನಿಮಿಷದೊಳಗೆ 0.7 ಬಾರಿನಷ್ಟು ನಿರ್ವಾತ ಬರಬೇಕು, ಎಂಜಿನ್ ನಿಲ್ಲಿಸಿದ ಮೇಲೆ ಮುಳ್ಳು ದಡಕ್ಕನೆ ಬೀಳಬಾರದು. ಬಿದ್ದರೆ ಎಲ್ಲೋ ಸೋರಿಕೆ ಇದೆ. ವಾರಕ್ಕೊಮ್ಮೆ ಇದನ್ನು ಮಾಡಿ ರಿಜಿಸ್ಟರಿನಲ್ಲಿ ಬರೆಯಲಿ, ವಾಷರು ಠಾಣೆಯಲ್ಲೇ ಡಜನ್‌ಗಟ್ಟಲೆ ಇರಲಿ.

ಎತ್ತರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸಮುದ್ರಮಟ್ಟದಲ್ಲಿ ಏಳು ಮೀಟರ್ ಆಳದಿಂದ ನೀರೆಳೆಯುವ ಪಂಪು 1,150 ಮೀಟರ್ ಎತ್ತರದ ಮಡಿಕೇರಿ ಕಡೆ ಆರು ಮೀಟರಿಗೇ ತಿಣುಕುತ್ತದೆ. ಗಾಳಿಯ ಒತ್ತಡವೇ ಇಲ್ಲಿ ಕಡಿಮೆ. ಮಾರ್ಚ್ ಹೊತ್ತಿಗೆ ಕೆರೆ ಮಟ್ಟವೂ ಇಳಿದಿರುತ್ತದೆ. ಗಾಡಿ ನೀರಿನ ಅಂಚಿಗೇ ಬರಬೇಕು, ಬಂದರೆ ಏರಿ ಕುಸಿಯುವ ಭಯ: ತುಂಬಿದ ಟ್ಯಾಂಕಿನ ನೀರೇ ನಾಲ್ಕೂವರೆ ಟನ್. ಹಾಗಾಗಿ ಆಯ್ದ ಕೆರೆಗಳ ಪಕ್ಕ ಗಾಡಿ ನಿಲ್ಲಲು ಕಾಂಕ್ರೀಟ್ ತಳ ಹಾಕಿ, ಅಲ್ಲಿಂದ ನೀರಿಗೆ ನಾಲ್ಕು ಇಂಚಿನ ಕಾಯಂ ಪೈಪ್ ಇಳಿಸಿ, ಪೈಪಿನ ಕೆಳತುದಿಗೆ ಜಾಲರಿ ಹಾಕಿ. ಜಾಲರಿ ಇಲ್ಲದಿದ್ದರೆ ಸಿಲ್ವರ್ ಓಕ್ ಎಲೆ ಪಂಪಿನೊಳಗೆ ಸೇರುತ್ತದೆ. ತೋಟದವರು ಜಾಗ ಕೊಡಲು ಸಿದ್ಧ.

ಹೋಬಳಿಗೊಂದು ಸಣ್ಣ ಗಾಡಿ ಎಂದೆವು. ಶ್ರೀಮಂಗಲ, ಭಾಗಮಂಡಲ, ಶಾಂತಳ್ಳಿ, ಕೊಡ್ಲಿಪೇಟೆಯ ತೋಟದ ದಾರಿಗಳಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲ, ಮೋರಿ ಅದರ ಭಾರ ತಡೆಯುವುದಿಲ್ಲ. ಫೋರ್ ವೀಲ್ ಡ್ರೈವ್ ಪಿಕಪ್ಪಿನ ಮೇಲೆ 500 ಲೀಟರ್ ಟ್ಯಾಂಕ್, ಹೊತ್ತೊಯ್ಯಬಹುದಾದ ಪಂಪು, ಹೋಸ್ ಪೈಪಿನ ಹತ್ತು ಸುರುಳಿ, ಎರಡು ಅಡಾಪ್ಟರ್, ಒಂದು ಚೈನ್‌ಸಾ ಸಾಕು. ಚೈನ್‌ಸಾ ಮಳೆಗಾಲಕ್ಕೆ. 2018ರಲ್ಲಿ ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ಕುಸಿದದ್ದನ್ನು ನೆನಪಿಸಬೇಕಾಗಿಲ್ಲ. ರಸ್ತೆಗೆ ಮರ ಬಿದ್ದರೆ ಠಾಣೆ ಹತ್ತಿರವಿದ್ದರೂ ದೂರವೇ.

ಕರೆ ಹೋಗುವ ದಾರಿಯನ್ನೂ ಸರಿಪಡಿಸಿ. ಗಡಿಯ ಕುಟ್ಟ, ಮಾಕುಟ್ಟ, ಕರಿಕೆಯಲ್ಲಿ ಮೊಬೈಲ್ ಕೇರಳದ ಟವರ್ ಹಿಡಿದರೆ 101ಕ್ಕೆ ಮಾಡಿದ ಕರೆ ನಮ್ಮ ಠಾಣೆಗೇ ಬರುತ್ತದೆಂಬ ಭರವಸೆ ಇಲ್ಲ. ಠಾಣೆಯ ನೇರ ನಂಬರನ್ನು ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಬರೆಸಲು ಒಂದು ಡಬ್ಬ ಪೇಂಟ್ ಸಾಕು. ಅದಕ್ಕೂ ಅನುದಾನ ಇಲ್ಲವೆಂದರೆ ಪೇಂಟ್ ನಾವೇ ಕೊಡುತ್ತೇವೆ, ಹಿಂಬರಹ ಬೇಡ.

ಹೋಬಳಿ ಗಾಡಿಗೆ ಬಜೆಟ್ ಬೇಕು, ಗೊತ್ತು. ಅಡಾಪ್ಟರಿಗೂ ವಾಷರಿಗೂ ಬಜೆಟ್ ಅಧಿವೇಶನ ಬೇಕೇ? ಫೆಬ್ರುವರಿಯಲ್ಲಿ ಸ್ಪ್ರಿಂಕ್ಲರ್ ಹಾಕುವ ಮೊದಲು ಅವೆರಡು ಜಿಲ್ಲೆಯ ಪ್ರತಿ ಫೈರ್ ಎಂಜಿನ್‌ನಲ್ಲಿರಲಿ. ಗಾಡಿ ಯಾವ ತಿಂಗಳೆಂದು ಲಿಖಿತವಾಗಿ ತಿಳಿಸಿ.

ಇಂತಿ,
ದಕ್ಷಿಣ ಕೊಡಗಿನ ಕೆಲವು ಕಾಫಿ ಬೆಳೆಗಾರರು ಮತ್ತು ಪಂಪ್‌ಸೆಟ್ ರಿಪೇರಿಯವರು