ರಸ್ತೆಯನ್ನು ಬಚ್ಚಿಡಲಾಗದು, ಮಗಾ

ಮಡಿಕೇರಿ ತಾಲೂಕು
ಕಕ್ಕಡ ತಿಂಗಳು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಹಿಡಿದು ಹತ್ತು ದಿನವಾಯಿತು, ಬಿಟ್ಟಿಲ್ಲ. ನಾಟಿ ಅರ್ಧಕ್ಕೆ ಬಂದಿದೆ. ನಿನ್ನ ಕಾಗದ ಓದಿ ಎರಡು ರಾತ್ರಿ ಯೋಚನೆ ಮಾಡಿದೆ. ‘ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಕೈಮುಗಿಯುವ ಮನೆಯವನು ನಾನು, ಇಲ್ಲಿ ಸೈನ್ಯದ ತರಬೇತಿಯಲ್ಲಿ ಶತ್ರುವಿನ ಕಣ್ಣಿಗೆ ಮಣ್ಣೆರಚುವುದನ್ನು ಪಾಠ ಮಾಡುತ್ತಾರೆ, ಮನಸ್ಸು ಒಪ್ಪುತ್ತಿಲ್ಲ’ ಅಂತ ಬರೆದಿದ್ದೀ. ಈ ಪ್ರಶ್ನೆ ನಿನಗೆ ಬಂದದ್ದು ನನಗೆ ಸಂತೋಷವೇ.

ಗೆರೆ ಒಂದಿದೆ, ಅದನ್ನು ಮೊದಲು ತಿಳಿದುಕೋ. ಬಿಳಿ ಬಾವುಟ ತೋರಿಸಿ ಗುಂಡು ಹಾರಿಸುವುದು, ರೆಡ್ ಕ್ರಾಸ್ ಗುರುತಿನ ಗಾಡಿಯಲ್ಲಿ ಮದ್ದುಗುಂಡು ಸಾಗಿಸುವುದು, ಶರಣಾದಂತೆ ನಟಿಸಿ ಕೊಲ್ಲುವುದು, ಇವು ದ್ರೋಹ. ಯುದ್ಧದ ಕಾನೂನೂ ಒಪ್ಪುವುದಿಲ್ಲ, ನಮ್ಮ ಹಿರಿಯರ ಐನ್‌ಮನೆಯ ದೀಪವೂ ಒಪ್ಪುವುದಿಲ್ಲ. ಆದರೆ ಬಲೆ ಹೊದಿಸಿ ಅಡಗುವುದು, ನಕಲಿ ಟ್ಯಾಂಕ್ ನಿಲ್ಲಿಸುವುದು, ಬಲಗಡೆ ಸದ್ದು ಮಾಡಿ ಎಡಗಡೆಯಿಂದ ನುಗ್ಗುವುದು, ಇವಕ್ಕೆ ಆ ಕಾನೂನಿನಲ್ಲೇ ಜಾಗವಿದೆ. ನಂಬಿ ಬಂದವನನ್ನು ಕೊಲ್ಲುವುದು ಬೇರೆ, ಕಾದು ಕೂತವನ ಲೆಕ್ಕ ತಪ್ಪಿಸುವುದು ಬೇರೆ.

ನೀನು ಹೊರಡುವ ಮುನ್ನ ಸನ್ನಿಸೈಡ್‌ಗೆ ಕರೆದುಕೊಂಡು ಹೋಗಿದ್ದೆನಲ್ಲ, ನಮ್ಮ ಜನರಲ್ ತಿಮ್ಮಯ್ಯನವರ ಮನೆಗೆ. ಅಲ್ಲಿ ಕಾಶ್ಮೀರದಿಂದ ಲಡಾಖಿಗೆ ದಾಟುವ ಜೋಜಿಲಾ ಕಣಿವೆಯ ವಿಷಯ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೆ. 1948ರ ಸೆಪ್ಟೆಂಬರ್‌ನಲ್ಲಿ ಆ ಕಣಿವೆಯ ಮೇಲೆ ಕಾಲ್ದಳ ಮಾಡಿದ ದಾಳಿಗಳು ನಿಂತುಹೋದವು. ಮೇಲೆ ಬಂಡೆಯ ಸಂದಿನಲ್ಲಿ ಪಾಕಿಸ್ತಾನದ ಕಡೆಯವರ ಮೆಷಿನ್‌ಗನ್, ಕೆಳಗೆ ನಮ್ಮವರ ಬರಿ ಎದೆ. ಲೇಹ್ ದಾರಿ ಮುಚ್ಚಿತ್ತು, ಚಳಿಗಾಲ ಹತ್ತಿರ ಬರುತ್ತಿತ್ತು. ಪಶ್ಚಿಮ ಕಮಾಂಡಿನ ಹೊಣೆ ಕಾರ್ಯಪ್ಪನವರದು, ಡಿವಿಷನ್ ತಿಮ್ಮಯ್ಯನವರದು. 11,500 ಅಡಿ ಎತ್ತರಕ್ಕೆ ಟ್ಯಾಂಕ್ ಹತ್ತಿಸುತ್ತೇವೆ ಎಂದು ಹೊರಟರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಬಿಚ್ಚಿ, ಶ್ರೀನಗರ ದಾಟಿಸಿ, ದಾರಿಯ ಸೇತುವೆಗಳ ಮೇಲೆ ವಿಂಚ್ ಕಟ್ಟಿ ಎಳೆದು ಮುಂದಕ್ಕೆ ತಂದರು. ಬಾಲ್ಟಾಲ್‌ನಿಂದ ಗುಮ್ರಿವರೆಗೆ ಹೇಸರಗತ್ತೆ ನಡೆಯುವ ದಾರಿಯನ್ನು ಜೀಪ್ ಹೋಗುವಷ್ಟು ಅಗಲ ಮಾಡಿದವರು ಸೈನ್ಯದ ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್‌ಗಳು. ನಾನು 28 ವರ್ಷ ಅನ್ನ ಉಂಡ ಪಲ್ಟನ್ ಅದು. ಅವರ ಹೆಸರು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇದನ್ನು ನಿಧಾನವಾಗಿ ಯೋಚಿಸು. ಬೆಟ್ಟ ಕಡಿಯುವ ಕೆಲಸವನ್ನು ಬಚ್ಚಿಡಲು ಸಾಧ್ಯವೇ? ಸಾಧ್ಯವಿಲ್ಲ. ಆ ರಸ್ತೆಯ ಮೇಲೆ ಏನು ಬರುತ್ತದೆ ಎಂಬುದನ್ನು ಮಾತ್ರ ಬಚ್ಚಿಡಬಹುದು. ನವೆಂಬರ್ 1ರಂದು ತಿರುವಿನಿಂದ ಟ್ಯಾಂಕ್ ಬಂತು, ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಕಣಿವೆ ಕೈಗೆ ಬಂತು, ಅದೇ ತಿಂಗಳು ಕಾರ್ಗಿಲ್ಲೂ. ಸೆಪ್ಟೆಂಬರ್‌ನಲ್ಲಿ ಬಿದ್ದ ಹುಡುಗರನ್ನು ನೆನೆಸಿಕೊಂಡು ಹೇಳು, ಟ್ಯಾಂಕ್ ಬಚ್ಚಿಟ್ಟದ್ದು ತಪ್ಪೇ?

ಎರಡನೇ ಮಹಾಯುದ್ಧದಲ್ಲಿ, ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ ಬಚ್ಚಿಟ್ಟದ್ದು ದಿನವನ್ನು. ನಮ್ಮ 4ನೇ ಭಾರತೀಯ ಡಿವಿಷನ್ನೂ ಆ ಸಾಲಿನಲ್ಲಿತ್ತು. ಮರುಭೂಮಿಯಲ್ಲಿ ದಕ್ಷಿಣದ ಕಡೆಗೆ ನೀರಿನ ಪೈಪ್‌ಲೈನ್ ಹಾಕುತ್ತಿರುವಂತೆ ಕಾಲುವೆ ತೋಡಿದರು. ಹಗಲು ಅದರ ಪಕ್ಕ ಖಾಲಿ ಪೆಟ್ರೋಲ್ ಡಬ್ಬ ಸಾಲಾಗಿ ಜೋಡಿಸುವುದು, ಮೇಲಿಂದ ನೋಡಿದರೆ ಪೈಪೇ. ರಾತ್ರಿ ಕಾಲುವೆ ಮುಚ್ಚಿ ಅದೇ ಡಬ್ಬಗಳನ್ನು ಮುಂದಕ್ಕೆ ಒಯ್ಯುವುದು. ನಡುವೆ ನಕಲಿ ಪಂಪ್‌ಮನೆಗಳು. ಕೆಲಸದ ವೇಗ ಅಳೆದ ಶತ್ರುವಿಗೆ ಇದು ನವೆಂಬರ್‌ಗೆ ಮುಗಿಯುತ್ತದೆ, ದಾಳಿ ಆಮೇಲೆ, ಅನ್ನಿಸಬೇಕು. ದಾಳಿ ನಡೆದದ್ದು 1942ರ ಅಕ್ಟೋಬರ್ 23ರ ರಾತ್ರಿ, ಅದೂ ಉತ್ತರದಲ್ಲಿ. ಅಲ್ಲಿ ಲಾರಿಗಳಂತೆ ಕಾಣುತ್ತಿದ್ದ ಹೊದಿಕೆಗಳ ಕೆಳಗೆ ಟ್ಯಾಂಕುಗಳಿದ್ದವು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿಸಿದ ವಿಷಯ ನಿನಗೆ ಕ್ಲಾಸಿನಲ್ಲಿ ಹೇಳಿರುತ್ತಾರೆ, ಅಲ್ಲಿ ಮುಚ್ಚಿಟ್ಟದ್ದು ಜಾಗವನ್ನು. ನನ್ನ ಮನಸ್ಸು ನಿಲ್ಲುವುದು ಆ ಡಬ್ಬ ಜೋಡಿಸಿದವರ ಹತ್ತಿರ. ನೀರು ಹರಿಯದ ಪೈಪಿಗೆ ದಿನವಿಡೀ ಬಿಸಿಲಲ್ಲಿ ಬೆವರು ಸುರಿಸಬೇಕು. ನಾಳೆ ನಿನ್ನ ಜವಾನರಿಗೂ ಇಂಥ ಕೆಲಸ ಬರುತ್ತದೆ, ಕಾರಣ ಹೇಳಲು ನಿನಗೆ ಅಪ್ಪಣೆ ಇರುವುದಿಲ್ಲ. ಆಗ ಅವರ ಜೊತೆ ನೀನೂ ಒಂದು ಡಬ್ಬ ಎತ್ತು.

ನಕಲಿಯನ್ನು ನಿಲ್ಲಿಸಿ ಮರೆತರೆ ಕೆಟ್ಟಿತು. ಗದ್ದೆಯ ಬೆದರುಬೊಂಬೆ ನೆನಪಿದೆಯಾ? ಮೂರನೇ ರಾತ್ರಿ ಹಂದಿ ಅದರ ಬುಡದಲ್ಲೇ ಮೇಯುತ್ತದೆ. ನಿಮ್ಮಜ್ಜ ದಿನಾ ಸಂಜೆ ಬೊಂಬೆಯ ಜಾಗ ಬದಲಿಸಿ, ಅಂದು ತಾವು ಬೆವರಿದ ಅಂಗಿಯನ್ನೇ ಬಿಚ್ಚಿ ಅದಕ್ಕೆ ತೊಡಿಸುತ್ತಿದ್ದರು.

ಇನ್ನೊಂದು ವಿಷಯ ನಿನ್ನಪ್ಪನಿಗೂ ಹೇಳಿಲ್ಲ. ನಾನು ನಾಯಕ್ ಆಗಿದ್ದಾಗ ರಾಜಸ್ಥಾನದಲ್ಲಿ ಒಂದು ಎಕ್ಸರ್‌ಸೈಸ್, ಅಣಕು ಯುದ್ಧ. ಎರಡು ರಾತ್ರಿ ನಿದ್ದೆಗೆಟ್ಟು ಸೇತುವೆ ಸಾಮಾನಿನ ಗಾಡಿಗಳಿಗೆಲ್ಲ ಬಲೆ ಹೊದಿಸಿದ್ದೆವು. ಅರ್ಧ ಗಂಟೆ ಉಳಿಯುತ್ತದೆ ಎಂದು ನಾನು ರೇಷನ್ ಲಾರಿಯನ್ನು ಹಳೆಯ ದಾರಿ ಬಿಟ್ಟು ಮರಳಿನ ಮೇಲೆ ನೇರ ತರಿಸಿದೆ. ಬೆಳಗ್ಗೆ ಮೇಲೆ ಹಾರಿದ ವಿಮಾನಕ್ಕೆ ಕಂಡದ್ದು ಎರಡು ಚಕ್ರದ ಗೆರೆ, ಗೆರೆಯ ಕೊನೆಯಲ್ಲಿ ನಾವು. ಅಂಪೈರ್ ಬಂದು 40 ಜನ ಸತ್ತರು ಅಂತ ಬರೆದರು. ಆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಎಲ್ಲರ ಎದುರು ಗಟ್ಟಿಯಾಗಿ ಓದು ಅಂದರು. ಒಂದೊಂದು ಹೆಸರಿಗೂ ಎದುರಲ್ಲಿ ನಿಂತ ಒಬ್ಬೊಬ್ಬ ಹುಡುಗ ನನ್ನ ಮುಖ ನೋಡುತ್ತಿದ್ದ. ಹನ್ನೆರಡನೆಯ ಹೆಸರಿಗೆ ನನ್ನ ದನಿ ನಿಂತಿತು.

ಈಗ ಮರಳಿನ ಗೆರೆಗಿಂತ ನಿನ್ನ ಜೇಬಿನ ಫೋನು ದೊಡ್ಡ ಗೆರೆ ಎಳೆಯುತ್ತದೆ. ಪಲ್ಟನ್ ಹೊರಡುವ ದಿನ ರೈಲಿನ ಫೋಟೊ ಸ್ಟೇಟಸ್‌ಗೆ ಹಾಕಬೇಡ. ನಿನ್ನಮ್ಮ ಕೇಳುತ್ತಾಳೆ, ಎಲ್ಲಿದ್ದೀಯ, ಚಳಿ ಇದೆಯಾ, ಯಾವಾಗ ಬರುತ್ತೀ ಅಂತ. ಊಟ ಆಯ್ತು, ಚೆನ್ನಾಗಿದ್ದೇನೆ, ಅಷ್ಟೇ ಹೇಳು. ಅವಳಿಗೆ ಕೋಪ ಬಂದರೆ ಸಮಾಧಾನ ಮಾಡುವ ಜವಾಬ್ದಾರಿ ನನ್ನದು. ನಾನಂತೂ ಕೇಳುವುದಿಲ್ಲ.

ಮನೆಯ ಕಾಫಿಪುಡಿ ಎರಡು ಕೆಜಿ, ಒಂದು ಬಾಟಲಿ ಜೇನು ಕಳಿಸಿದ್ದೇನೆ. ಜೇನು ಸೋರದ ಹಾಗೆ ಮುಚ್ಚಳಕ್ಕೆ ಮೇಣ ಹಾಕಿದೆ, ಬಿಸಿ ಚಾಕುವಿನಿಂದ ತೆಗೆ. ಕಕ್ಕಡ ಹದಿನೆಂಟಕ್ಕೆ ಮದ್ದುಪಾಯಸ ಮಾಡುವಾಗ ನಿನ್ನ ತಟ್ಟೆಯನ್ನೂ ಇಡುತ್ತಾರಂತೆ.

ನಿನ್ನ ದೊಡ್ಡಪ್ಪ