ಬಿಸಿಲು ಬೇಕಿದ್ದರೆ ಫ್ಲಾಟ್ ತಗೋಬೇಕಂತೆ!

ನಮ್ಮ ವಾರ್ಡಿನ ಸದಸ್ಯರಿಗೆ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತು. ಓಟು ಕೇಳಲು ಬಂದಾಗ ನಮ್ಮ ಕಟ್ಟೆ ಮೇಲೆ ಕುಳಿತು ಚಹಾ ಕುಡಿದಿದ್ದಿರಿ. ಹೋಗುವಾಗ ಒಂದು ಪೊಟ್ಟಣ ಅಕ್ಕಿ ಸಂಡಿಗೆ ಒಯ್ದಿರಿ. ರೊಕ್ಕ ಬೇಡ ಅಂದವಳು ನಾನೇ, ಅದಿರಲಿ. ಈಗ ಆ ಸಂಡಿಗೆಯೇ ಒಣಗುತ್ತಿಲ್ಲ.

ನಮ್ಮ ಮನೆಯ ಮೂಡಣಕ್ಕೆ ಒಂದು ಹಂಚಿನ ಮನೆಯಿತ್ತು. ಅದನ್ನು ಕೆಡವಿ ಎರಡೂವರೆ ವರ್ಷದಿಂದ ಅಪಾರ್ಟ್‌ಮೆಂಟ್ ಏಳಿಸುತ್ತಿದ್ದಾರೆ. ಮೊದಲು ನಾಲ್ಕು ಮಹಡಿ ಅಂದರು, ಆಮೇಲೆ ಆರು. ಮೊನ್ನೆ ಎಣಿಸಿದೆ, ಹತ್ತು! ಅವರ ಪಿಲ್ಲರಿಗೂ ನಮ್ಮ ಗೋಡೆಗೂ ನಡುವೆ ಎರಡು ಮೊಳ ಜಾಗ. ಅಷ್ಟೆತ್ತರಕ್ಕೆ ಸುತ್ತ ಎಷ್ಟು ಬಿಡಬೇಕು ಅಂತ ನಿಮಗೆ ನಾನು ಹೇಳಬೇಕೆ? ನಮ್ಮ ಓಣಿಯಲ್ಲಿ ಆಟೋ ತಿರುಗಿಸುವುದೇ ಕಷ್ಟ, ಬೆಂಕಿ ಆರಿಸುವ ಗಾಡಿ ಎಲ್ಲಿಂದ ಬರಬೇಕು?

ಮಂಜೂರಾದ ನಕ್ಷೆ ತರಿಸಿ, ಟೇಪ್ ಹಿಡಿದು ಅಳೆಸಿ. ನಾನು ಕೇಳುವುದು ಇಷ್ಟೇ.

ಏಪ್ರಿಲ್‌ನಲ್ಲಿ ಒಂದು ಮದುವೆ ಮನೆಯ ಆರ್ಡರ್ ಇತ್ತು. ನಾನು, ಸೊಸೆ ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ಬೇಯಿಸಿ, ಮಾಳಿಗೆ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಒತ್ತಿದೆವು. ಹನ್ನೊಂದೂವರೆ ತನಕ ಅಲ್ಲಿ ಬಿಸಿಲೇ ಬೀಳುವುದಿಲ್ಲ. ಬಿತ್ತಲ್ಲ ಅಂತ ಕೆಳಗಿಳಿದು ಚಹಾಕ್ಕೆ ಇಟ್ಟೆ. ಅಷ್ಟರಲ್ಲಿ ಮೇಲಿಂದ ಸಿಮೆಂಟ್ ನೀರು ಸುರಿದರು. ಸಂಡಿಗೆ, ಸೀರೆ, ಪಕ್ಕದಲ್ಲಿ ಹಾಕಿದ್ದ ಬ್ಯಾಡಗಿ ಮೆಣಸಿನಕಾಯಿ, ಎಲ್ಲಾ ಬೂದಿ ಬಣ್ಣ. ಕೇಳಲು ಹೋದರೆ ಅಲ್ಲಿನ ಹುಡುಗ ನಕ್ಕು ಏನಂದ ಗೊತ್ತಾ? “ಕಾಕೂ, ಹತ್ತನೇ ಮಹಡಿ ಬುಕ್ ಮಾಡ್ರಿ. ಅಲ್ಲಿ ಬಿಸಿಲಿಗೆ ಬರಾನ ಇಲ್ಲ.”

ನನಗೆ ಅವತ್ತು ಅಳು ಬರಲಿಲ್ಲ. ಸುಮ್ನೆ ವಾಪಸ್ ಬಂದೆ. ಮದುವೆ ಮನೆಯವರ ಮುಂಗಡ ಹಿಂದಿರುಗಿಸಿದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಜನವಸತಿ ಜಾಗದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರ ನಡೆಸಬಾರದು ಅಂತ ನಿಯಮವಿದೆ. ಇಲ್ಲಿ ಕಾಂಕ್ರೀಟ್ ಮಿಕ್ಸರ್ ಒಂದು ಗಂಟೆಗೆ ಜೋಗುಳ ಹಾಡುತ್ತದೆ. ನಮ್ಮದು ಎರೆ ನೆಲ, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅವರು ಬೇಸ್‌ಮೆಂಟ್ ಅಗೆದ ಮೇಲೆ ನಮ್ಮ ಅಡುಗೆಮನೆ ಗೋಡೆಯ ಬಿರುಕಿನಲ್ಲಿ ಎಂಟಾಣೆ ನಾಣ್ಯ ಹೋಗುತ್ತದೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು 2019ರ ಮಾರ್ಚ್‌ನಲ್ಲಿ. ದೂರದ ಊರಲ್ಲ, ದೂರದ ಕಾಲವೂ ಅಲ್ಲ. ಆ ಬಿರುಕಿನ ಪಕ್ಕದಲ್ಲೇ ನಿಂತು ನಾನು ದಿನಾ ರೊಟ್ಟಿ ಬಡಿಯಬೇಕು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಕ್ಷೆ ಕೇಳಿದೆ. “ಕಡತ ಲಭ್ಯವಿಲ್ಲ” ಅಂತ ಉತ್ತರ ಬಂತು. ಹತ್ತು ಮಹಡಿ ಕಣ್ಣಿಗೆ ಕಾಣುತ್ತದೆ, ಕಡತ ಮಾತ್ರ ಕಾಣುವುದಿಲ್ಲ! ನಿಮಗೆ ಎಂಟು ಸಲ ಫೋನ್ ಮಾಡಿದೆ. ಪ್ರತಿ ಸಲ “ಮೀಟಿಂಗಿನಾಗ ಅದಾರ್ರಿ.”

ನಕ್ಷೆಗಿಂತ ಜಾಸ್ತಿ ಕಟ್ಟಿದ್ದರೆ ಏನು ಮಾಡಬೇಕು ಅಂತ 1976ರ ಪಾಲಿಕೆ ಕಾಯ್ದೆಯ 321ನೇ ಕಲಂ ಹೇಳುತ್ತದೆ. ನೀವು ಓದಿರುತ್ತೀರಿ, ಅಲ್ವಾ? ಕಟ್ಟಿಲ್ಲ ಅಂತಾದರೆ ಅಳತೆಗೆ ಯಾರಿಗೆ ಯಾಕೆ ಹೆದರಿಕೆ?

ನಕ್ಷೆ ತರಿಸಿ, ಅಳೆಸಿ. ಟೇಪ್ ಇಲ್ಲದಿದ್ದರೆ ನಮ್ಮ ಮನೆಯಲ್ಲಿದೆ. ಬರುವುದಾದರೆ ಬೆಳಿಗ್ಗೆ ಬನ್ನಿ, ಮಾಳಿಗೆ ಮೇಲೆ ಬಿಸಿಲು ಎಷ್ಟಕ್ಕೆ ಬರುತ್ತದೆ ಅಂತಲೂ ನೋಡಿದ ಹಾಗಾಗುತ್ತದೆ. ಚಹಾ ಮಾಡಿಕೊಡುತ್ತೇನೆ. ಸಂಡಿಗೆ ಮಾತ್ರ ಕೇಳಬೇಡಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರಳು
ಹುಬ್ಬಳ್ಳಿ